ಸರಕಿಲ್ಲದ ಸಮುದ್ರಯಾನ

ದೇಶ ಬಿಟ್ಟು ದೇಶಕ್ಕೆ ಹೋಗುವುದಕ್ಕೆ ಲೋಕ ಒಪ್ಪಿಕೊಂಡ ಕಾರಣಗಳು ಹಿಂದಿನಿಂದಲೂ ಕೆಲವೇ: ವ್ಯಾಪಾರ, ವಿದ್ಯೆ, ನೌಕರಿ, ತೀರ್ಥಯಾತ್ರೆ, ಈಚೆಗೆ ಮಗಳ ಬಾಣಂತನ. ಈ ಯಾವ ಪಟ್ಟಿಗೂ ಸೇರದೆ, ದಡದ ಬಳಿ ಮುರಿಯುವ ಅಲೆಯೊಂದರ ಮೇಲೆ ಹತ್ತು ಹದಿನೈದು ಸೆಕೆಂಡು ನಿಂತು ಜಾರುವುದಕ್ಕಾಗಿಯೇ ರಜೆ ಹಾಕಿ, ಕೂಡಿಟ್ಟ ಹಣ ಖಾಲಿ ಮಾಡಿ, ತನ್ನ ಎತ್ತರಕ್ಕಿಂತ ಉದ್ದನೆಯ ಹೊರೆಯೊಂದನ್ನು ಹೊತ್ತು ವಿಮಾನ ಹತ್ತುವ ಮನುಷ್ಯನನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಪತ್ರಿಕೆಗಳು ಸರ್ಫಿಂಗ್ ಎಂದು ಬರೆಯುವ ಈ ಅಲೆಸವಾರಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಪದಕವುಳ್ಳ ಕ್ರೀಡೆಯೂ ಆಗಿದೆಯಾದರೂ, ಅದಕ್ಕಾಗಿ ಪರದೇಶಕ್ಕೆ ಹೋಗುವವರಲ್ಲಿ ಹೆಚ್ಚಿನವರಿಗೆ ಪದಕದ ಗೊಡವೆ ಇಲ್ಲ. ಇಂಥ ಪ್ರಯಾಣದ ಲಾಭನಷ್ಟಗಳನ್ನು ತೂಗಿ ನೋಡಲು ಕಡಲತೀರದ ಊರಿಗಿಂತ ಒಳನಾಡಿನ ಊರೇ ತಕ್ಕ ಜಾಗವೆನ್ನಬಹುದು; ಅಲ್ಲಿ ಅಲೆಯ ಮೋಹ ಕಡಿಮೆ, ಲೆಕ್ಕದ ರೂಢಿ ಹೆಚ್ಚು.

ಬಾಗಲಕೋಟೆ ಜಿಲ್ಲೆಯ ತೇರದಾಳ ಅಂಥದೊಂದು ಊರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನು ನೆರೆಯಲ್ಲಿಟ್ಟುಕೊಂಡ ಈ ಸೀಮೆಯಲ್ಲಿ ಹೊಲದ ತುಂಬ ಕಬ್ಬು, ಓಣಿಯ ತುಂಬ ಮಗ್ಗದ ಸದ್ದು. ಇಲ್ಲಿಂದ ಪಡುವಣಕ್ಕೆ ನೇರ ಗೆರೆ ಎಳೆದರೂ ಅರಬ್ಬಿ ಸಮುದ್ರ ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ, ನಡುವೆ ಸಹ್ಯಾದ್ರಿಯ ಗೋಡೆ ಬೇರೆ. ಈ ಸೀಮೆಯ ಜೀವನಾಡಿಯಾದ ಕೃಷ್ಣೆಯೂ ಸಮುದ್ರದ ವಿಷಯದಲ್ಲಿ ನೇರ ದಾರಿ ಹಿಡಿದವಳಲ್ಲ. ಅರಬ್ಬಿ ಸಮುದ್ರದಿಂದ ಸುಮಾರು 64 ಕಿಲೋಮೀಟರಿನಷ್ಟೇ ದೂರದ ಮಹಾಬಳೇಶ್ವರದಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನು ಮಾಡಿ, ಸುಮಾರು 1,400 ಕಿಲೋಮೀಟರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಹೀಗಾಗಿ ಇಲ್ಲಿಯ ಜನಕ್ಕೆ ನೀರೆಂದರೆ ಹೊಳೆ, ಕಾಲುವೆ, ಬಾವಿ. ಸಮುದ್ರವೆಂದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಂಡ ಗೋಕರ್ಣ, ಇಲ್ಲವೆ ಗೋವಾ.

ಆದರೂ ಸಮುದ್ರ ದಾಟುವುದು ಈ ನೆಲಕ್ಕೆ ಹೊಸದೇನಲ್ಲ. ತೇರದಾಳದಲ್ಲಿ ಮಂಡಲೇಶ್ವರ ಗೊಂಕನು ನೇಮಿನಾಥ ಬಸದಿಗೆ ದತ್ತಿ ಬಿಟ್ಟದ್ದು 1123ರಲ್ಲಿ. ಅದೇ ಕಾಲಕ್ಕೆ, ಇದೇ ಜಿಲ್ಲೆಯ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸುತ್ತಿತ್ತು. ಇಂಡೊನೇಷ್ಯಾದ ಸುಮಾತ್ರ ದ್ವೀಪದ ಪಶ್ಚಿಮ ಕರಾವಳಿಯಲ್ಲಿರುವ ಬರೂಸ್ ಎಂಬಲ್ಲಿ ದೊರೆತ 1088ರ ತಮಿಳು ಶಾಸನ ಐನೂರ್ವರನ್ನು ಹೆಸರಿಸುತ್ತದೆ, ವಿದ್ವಾಂಸರು ಆ ಐನೂರ್ವರನ್ನು ಇದೇ ಒಕ್ಕೂಟದೊಂದಿಗೆ ಗುರುತಿಸಿದ್ದಾರೆ. ಆ ವರ್ತಕರು ಅಷ್ಟು ದೂರ ಹೋದದ್ದು ಕರ್ಪೂರದಂಥ ಸರಕಿಗಾಗಿ. ಆ ಕರಾವಳಿಯ ಆಚೆಗಿರುವ ನಿಯಾಸ್ ದ್ವೀಪದ ಲಗುಂದ್ರಿ ಕೊಲ್ಲಿಗೆ 1975ರಲ್ಲಿ ಕೆಲವು ಆಸ್ಟ್ರೇಲಿಯನ್ ತರುಣರು ಹಲಗೆ ಹೊತ್ತು ಕಾಡುದಾರಿಯಲ್ಲಿ ನಡೆದು ಬಂದಾಗ, ಅವರಿಗೆ ಕರ್ಪೂರವೂ ಬೇಕಿರಲಿಲ್ಲ, ಮೆಣಸೂ ಬೇಕಿರಲಿಲ್ಲ. ಹವಳದ ದಿಬ್ಬದ ಅಂಚಿನಲ್ಲಿ ಬಲಕ್ಕೆ ಸುರುಳಿ ಸುತ್ತುತ್ತ ಮುರಿಯುವ ಒಂದು ಅಲೆ ಬೇಕಿತ್ತು. ಅಲೆ ದೊರೆಯಿತು, ಜೊತೆಗೆ ಮಲೇರಿಯವೂ ದೊರೆಯಿತು. ಒಂದೇ ಕಡಲಿಗೆ ಒಂಬತ್ತು ಶತಮಾನಗಳ ಅಂತರದಲ್ಲಿ ಬಂದ ಈ ಎರಡು ಬಗೆಯ ಪ್ರಯಾಣಿಕರಲ್ಲಿ ಮೊದಲನೆಯವರ ಹಡಗು ತುಂಬಿ ಮರಳುತ್ತಿತ್ತು, ಎರಡನೆಯವರದು ಸರಕಿಲ್ಲದ ಯಾನ.

ಸರಕಿಲ್ಲದಿರುವುದಕ್ಕೆ ಕಾರಣ ಅಲೆಯ ಸ್ವಭಾವದಲ್ಲಿಯೇ ಇದೆ. ಹೊಳೆಯಲ್ಲಿ ನೀರು ಹರಿಯುತ್ತದೆ. ಸಮುದ್ರದ ಅಲೆಯಲ್ಲಿ ಹರಿಯುವುದು ನೀರಲ್ಲ, ಗಾಳಿ ಅದಕ್ಕೆ ಕೊಟ್ಟ ಶಕ್ತಿ. ದಕ್ಷಿಣ ಗೋಳಾರ್ಧದ ನಲವತ್ತರಿಂದ ಐವತ್ತು ಡಿಗ್ರಿ ಅಕ್ಷಾಂಶಗಳ ನಡುವೆ ನೆಲದ ಅಡ್ಡಿ ಹೆಚ್ಚಿಲ್ಲದ ಕಾರಣ ಬಿರುಗಾಳಿಗಳು ದಿನಗಟ್ಟಲೆ ಬೀಸಿ ನೀರಿನ ಮೈಯನ್ನು ಕಲಕುತ್ತವೆ. ಹೀಗೆ ಎದ್ದ ಅಲೆಗಳು ಬಿರುಗಾಳಿಯಿಂದ ಬಿಡಿಸಿಕೊಂಡು ಹೊರಟಾಗ ಒಂದೊಂದು ಸಾಲಾಗಿ ಜೋಡಿಕೊಳ್ಳುತ್ತವೆ, ಅಂಥ ಸಾಲನ್ನು ಅಲೆಸವಾರರು ಸ್ವೆಲ್ ಎನ್ನುತ್ತಾರೆ. ಎರಡು ಉಬ್ಬುಗಳ ನಡುವೆ ಹದಿನಾರು ಸೆಕೆಂಡು ಅಂತರವಿರುವ ಸ್ವೆಲ್ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರು ಸಾಗುತ್ತದೆಯಾದ್ದರಿಂದ, ಆ ದಕ್ಷಿಣದ ಬಿರುಗಾಳಿಯ ಕಡಲಿನಿಂದ ಕರ್ನಾಟಕದ ಕರಾವಳಿಗೆ ಬಂದು ಮುಟ್ಟಲು ಅದಕ್ಕೆ ಹೆಚ್ಚು ಕಡಿಮೆ ಆರು ದಿನ ಹಿಡಿಯುತ್ತದೆ. ಬಿಸಿಲು ಹೊಳೆಯುತ್ತಿರುವಾಗಲೇ, ಗಾಳಿಯ ಸುಳಿವಿಲ್ಲದೆಯೇ ಕೇರಳದ ಮೀನುಗಾರರ ಅಂಗಳಕ್ಕೆ ನೀರು ನುಗ್ಗುವ ಕಳ್ಳಕಡಲು ಎಂಬ ವಿದ್ಯಮಾನದ ಮೂಲವೂ ಇಂಥ ದೂರದ ಸ್ವೆಲ್. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಅದರ ಬಗ್ಗೆ ಕರಾವಳಿಗೆ ಮುನ್ನೆಚ್ಚರಿಕೆ ನೀಡುತ್ತದೆ. ಮೀನುಗಾರನಿಗೆ ಗಂಡಾಂತರದ ಸೂಚನೆಯಾಗಿ ಬರುವ ಅಂಕಿಗಳೇ ಅಲೆಸವಾರನಿಗೆ ಟಿಕೆಟ್ ಕಾದಿರಿಸುವ ಸೂಚನೆಯಾಗಿ ಕಾಣುತ್ತವೆ.

ಸಾವಿರಾರು ಕಿಲೋಮೀಟರು ಸಾಗಿ ಬಂದ ಅಲೆ ಮುರಿಯುವುದು ನೆಲ ತಗುಲಿದಾಗ. ನೀರಿನ ಆಳ ಅಲೆಯ ಎತ್ತರಕ್ಕಿಂತ ತುಸುವೇ ಹೆಚ್ಚು ಎನ್ನುವಷ್ಟು ತಗ್ಗಿದಾಗ ಅದರ ಬುಡ ತಡೆದು ತಲೆ ಮುಂದೆ ಬಾಗುತ್ತದೆ, ಆ ಬಾಗುವಿಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಸರಿದರೆ ಮಾತ್ರ ಸವಾರನಿಗೆ ಜಾರಲು ಇಳಿಜಾರು ಸಿಗುತ್ತದೆ, ಒಟ್ಟಿಗೇ ಕುಸಿದರೆ ನೊರೆಯಷ್ಟೇ ಉಳಿಯುತ್ತದೆ. ಹೀಗೆ ಕ್ರಮವಾಗಿ ಮುರಿಯುವಂತೆ ಕಡಲ ತಳವನ್ನು ರೂಪಿಸಿದ ಜಾಗಗಳು ಜಗತ್ತಿನಲ್ಲಿ ಕಡಿಮೆ, ಅವು ಒಂದೆಡೆ ನಿಂತುಬಿಟ್ಟ ಸ್ಥಾವರಗಳೂ ಅಲ್ಲ. 2005ರ ಮಾರ್ಚ್ 28ರ ಭೂಕಂಪದಲ್ಲಿ ನಿಯಾಸಿನ ಹವಳದ ದಿಬ್ಬವೇ ಮೇಲೆದ್ದು ಅಲ್ಲಿಯ ಅಲೆಯ ಮೈಕಟ್ಟು ಬದಲಾಯಿತು. ಮರಳಿನ ತಳವಿರುವಲ್ಲಂತೂ ಪ್ರತಿ ಮಳೆಗಾಲವೂ ಹೊಸ ನಕ್ಷೆ ಬರೆಯುತ್ತದೆ. ಪರದೇಶಕ್ಕೆ ಹೋಗುವ ಅಲೆಸವಾರ ಟಿಕೆಟ್, ವಸತಿ, ದೋಣಿ, ಮಾರ್ಗದರ್ಶಿ ಎಲ್ಲವನ್ನೂ ಮುಂಗಡವಾಗಿ ಕೊಳ್ಳಬಲ್ಲ, ಆದರೆ ಯಾವುದಕ್ಕಾಗಿ ಇವೆಲ್ಲವನ್ನೂ ಕೊಂಡನೋ ಅದೊಂದು ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ.

ಈ ಯಾನದ ಖರ್ಚಿನ ಕಡೆಯನ್ನು ಮೊದಲು ನೋಡುವುದು ವಾಡಿಕೆ. ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಮಾಲ್ದೀವ್ಸ್ ಬಂದಿಳಿದ ಮೇಲೆ ವೀಸಾವನ್ನು ಶುಲ್ಕವಿಲ್ಲದೆ ಕೊಡುತ್ತದೆ, ಇಂಡೊನೇಷ್ಯಾ ಶುಲ್ಕ ಪಡೆದು ಕೊಡುತ್ತದೆ, ಶ್ರೀಲಂಕಾ ಹತ್ತಿರದಲ್ಲಿದೆ. ಹೀಗಾಗಿ ಕನ್ನಡ ನಾಡಿನ ಅಲೆಸವಾರರ ಮೊದಲ ಪರದೇಶ ಸಾಮಾನ್ಯವಾಗಿ ಈ ಮೂರರಲ್ಲಿ ಒಂದಾಗಿರುತ್ತದೆ. ಹೋಗಬೇಕಾದ ತಿಂಗಳನ್ನು ಗಾಳಿ ನಿರ್ಧರಿಸುತ್ತದೆ: ಶ್ರೀಲಂಕಾದ ನೈರುತ್ಯ ತೀರದ ವೆಲಿಗಾಮ, ಹಿಕ್ಕಡುವಗಳಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ, ಪೂರ್ವ ತೀರದ ಅರುಗಂ ಕೊಲ್ಲಿಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಬಾಲಿಯ ಪಶ್ಚಿಮ ಬದಿಗೆ ಅಲ್ಲಿಯ ಒಣಗಾಲದಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು ಕಡಲು ಕೆರಳಿರುವ ಹೊತ್ತಿಗೆ, ಶ್ರೀಲಂಕಾದ ಪೂರ್ವ ತೀರದಲ್ಲಿ ನೀರು ಹದವಾಗಿರುತ್ತದೆ. ರಜೆ ಕೊಡುವ ಮೇಲಧಿಕಾರಿಗೆ ಮುಂಗಾರಿನ ದಿಕ್ಕನ್ನು ವಿವರಿಸಿ ಹೇಳುವುದು ಈ ಹವ್ಯಾಸದ ಮೊದಲ ಕಷ್ಟ.

ಎರಡನೆಯ ಕಷ್ಟ ಹಲಗೆಯನ್ನು ಸಾಗಿಸುವುದು. ಸರ್ಫ್ ಬೋರ್ಡ್ ಎಂದು ಕರೆಯುವ ಈ ಹಲಗೆಯ ಒಳಗಿರುವುದು ಹಗುರವಾದ ಫೋಮ್, ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ ರಾಳ ಬಳಿದಿರುತ್ತಾರೆ. ಅಡಿಯಲ್ಲಿ ದಿಕ್ಕು ಹಿಡಿಯಲು ಇರುವ ಫಿನ್ ಎಂಬ ರೆಕ್ಕೆಗಳನ್ನು ಬಿಚ್ಚಿ, ಮೂತಿ ಮತ್ತು ಬಾಲಕ್ಕೆ ಟವೆಲ್ಲು ಅಂಗಿಗಳನ್ನು ಸುತ್ತಿ, ಉದ್ದನೆಯ ಚೀಲದಲ್ಲಿ ಕಟ್ಟಿ ವಿಮಾನಕ್ಕೆ ಒಪ್ಪಿಸಿದ ಮೇಲೂ ಇಳಿದ ಊರಿನಲ್ಲಿ ಚೀಲ ಬಿಚ್ಚುವಾಗ ಅಂಚಿನಲ್ಲಿ ಉಗುರಗಲದ ಬಿರುಕು ಕಾಣಿಸುವುದು ತೀರ ಸಾಮಾನ್ಯ. ಇಂಥ ಪೆಟ್ಟನ್ನು ಅಲೆಸವಾರರು ಡಿಂಗ್ ಎನ್ನುತ್ತಾರೆ. ನೋಡಲು ಸಣ್ಣದಾದರೂ ಅದರ ಮೂಲಕ ಉಪ್ಪುನೀರು ಫೋಮಿಗೆ ಇಳಿದರೆ ಹಲಗೆ ಹಳದಿಗಟ್ಟಿ ಭಾರವಾಗುತ್ತದೆ. ಆದ್ದರಿಂದ ಬಿರುಕನ್ನು ಸಿಹಿನೀರಿನಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಬಿಸಿಲಿಗೆ ಗಟ್ಟಿಯಾಗುವ ರಾಳ ತುಂಬಬೇಕು; ಒಣಗುವ ಮೊದಲೇ ಅವಸರಪಟ್ಟು ಮುಚ್ಚಿದರೆ ನೀರು ಒಳಗೇ ಉಳಿದು ಮುಂದಿನ ಸಲ ಅಲ್ಲಿಯೇ ಬಿರಿಯುತ್ತದೆ. ಅಲೆಗಳು ಸೊಗಸಾಗಿ ಏಳುತ್ತಿರುವ ಬೆಳಗಿನಲ್ಲಿ ಜಗುಲಿಯ ಮೇಲೆ ಕುಳಿತು ಫೋಮು ಒಣಗುವುದನ್ನು ಕಾಯುವಷ್ಟು ತಾಳ್ಮೆ ಇದ್ದವನಿಗಷ್ಟೇ ಈ ಪ್ರಯಾಣ ಹೇಳಿಸಿದ್ದು.

ದೇಹದ ಪೆಟ್ಟುಗಳು ಬೇರೆ. ಹವಳವೆಂದರೆ ಜೀವಿಗಳ ಸುಣ್ಣದ ಮನೆ. ಅದಕ್ಕೆ ಕಾಲು ತಗುಲಿದರೆ ಆಗುವ ಗಾಯ ಆಳವಿರದಿದ್ದರೂ ಅದರಲ್ಲಿ ಕಣಗಳು ಉಳಿದು ಕೀವುಗಟ್ಟುತ್ತದೆ, ದಿನವೂ ಉಪ್ಪುನೀರಿಗಿಳಿದರೆ ಮಾಯುವುದೇ ಇಲ್ಲ. ಪತ್ತೇದಾರಿ ಕಾದಂಬರಿಗಳ ಅಗಾಥ ಕ್ರಿಸ್ಟಿ 1922ರಲ್ಲಿ ಪತಿಯೊಂದಿಗೆ ಲೋಕಸಂಚಾರ ಹೊರಟು ದಕ್ಷಿಣ ಆಫ್ರಿಕದ ಮ್ಯೂಜೆನ್‌ಬರ್ಗ್‌ನಲ್ಲಿಯೂ ಹವಾಯಿಯ ಹೊನೊಲುಲುವಿನಲ್ಲಿಯೂ ಅಲೆಸವಾರಿ ಕಲಿತಾಗ, ಹವಳದಿಂದ ಪಾದಗಳು ಕೊಯ್ದುಹೋಗಿ, ಬಿಸಿಲಿನಿಂದ ಮೈ ಸುಟ್ಟು, ರೇಷ್ಮೆಯ ಈಜುಡುಗೆಯನ್ನು ಅಲೆಯೇ ಹರಿದುಹಾಕಿತು. ಆಕೆ ಉಣ್ಣೆಯ ಹಸಿರು ಉಡುಗೆಯೊಂದನ್ನು ಕೊಂಡು ಮತ್ತೆ ನೀರಿಗಿಳಿದದ್ದು ಆಕೆಯ ಆತ್ಮಕಥೆಯಲ್ಲಿ ದಾಖಲಾಗಿದೆ. ಆ ಹಟ ಇಂದಿನ ಪ್ರವಾಸಿಯಲ್ಲಿಯೂ ಇದೆ, ಆದರೆ ಹಟಕ್ಕಿಂತ ಹೆಚ್ಚು ಆತನನ್ನು ಕಾಡುವುದು ಅಲೆಯೇ ಇಲ್ಲದ ದಿನಗಳು. ಕಾಸು ಕೊಟ್ಟು ಹಿಡಿದ ಕೋಣೆಯ ಕಿಟಕಿಯಿಂದ ಕೆರೆಯಂತೆ ಅಲುಗಾಡದೆ ಮಲಗಿದ ಸಮುದ್ರವನ್ನು ನೋಡುತ್ತ, ಮುನ್ಸೂಚನೆಯ ಅಂಕಿಗಳನ್ನು ಗಂಟೆಗೊಮ್ಮೆ ತಿರುವಿ, ತಾನು ಹಿಂದಿರುಗುವ ವಿಮಾನ ಏರಿದ ಮರುದಿನ ದೊಡ್ಡ ಸ್ವೆಲ್ ಬರಲಿದೆಯೆಂದು ತಿಳಿದುಕೊಳ್ಳುವುದು ಈ ಹವ್ಯಾಸದ ಅತಿ ಸಾಮಾನ್ಯ ದುಃಖ.

ಇಷ್ಟಕ್ಕೆ ಪ್ರತಿಯಾಗಿ ಜಮೆಯಾಗುವುದೇನು ಎಂದು ಕೇಳಿದರೆ ಉತ್ತರ ಸೆಕೆಂಡುಗಳಲ್ಲಿ ಬರುತ್ತದೆ. ನೀರಿನಲ್ಲಿ ಕಳೆದ ಎರಡು ಗಂಟೆಯಲ್ಲಿ ಬಹುಪಾಲು ಹೊತ್ತು ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ಹಿಂದೂಡುವುದು, ಮುರಿಯುವ ನೊರೆಯ ಕೆಳಗೆ ಮುಳುಗಿ ಆಚೆ ಏಳುವುದು, ಮತ್ತೆ ಕುಳಿತು ಕಾಯುವುದು. ನಿಂತು ಜಾರಿದ ಕಾಲವನ್ನೆಲ್ಲ ಕೂಡಿಸಿದರೆ ಒಂದೆರಡು ನಿಮಿಷ ದಾಟುವುದು ಅಪರೂಪ. ಆದರೂ ಬೆನ್ನ ಹಿಂದೆ ಉಬ್ಬಿದ ಅಲೆ ಹಲಗೆಯ ಬಾಲವನ್ನು ಎತ್ತಿ, ಕೈಹುಟ್ಟು ನಿಲ್ಲಿಸಿದ ಮೇಲೂ ಹಲಗೆ ತಾನಾಗಿ ಮುಂದೋಡುವ ಆ ಒಂದು ಕ್ಷಣದಲ್ಲಿ ಕಾಲೂರಿ ಎದ್ದು ನಿಂತವನಿಗೆ, ಯಾವ ಯಂತ್ರವೂ ಇಲ್ಲದೆ ದೂರದ ಬಿರುಗಾಳಿಯೊಂದರ ಶಕ್ತಿ ತನ್ನನ್ನು ಒಯ್ಯುತ್ತಿದೆಯೆಂಬ ಅರಿವು ಪಾದದ ಅಡಿಯಿಂದಲೇ ಏರುತ್ತದೆ. ಅದನ್ನು ಮನೆಗೆ ತರಲಾಗದು, ಯಾರಿಗೂ ಮಾರಲಾಗದು, ಸುಂಕದ ಕಟ್ಟೆಯಲ್ಲಿ ತೋರಿಸಲೂ ಆಗದು. ವರ್ತಕನ ಕಿರ್ದಿಯ ಪ್ರಕಾರ ಇದು ಬರೀ ನಷ್ಟದ ಬಾಬ್ತು.

ಕಿರ್ದಿಯಲ್ಲಿ ಬಾರದ ಇನ್ನೊಂದು ಸಂಗತಿಯೂ ಇದೆ, ಈ ಪ್ರಯಾಣದ ಏಳುಬೀಳೆಲ್ಲ ಕೊನೆಗೆ ನಿಂತಿರುವುದು ಅದರ ಮೇಲೆಯೇ. ಒಳ್ಳೆಯ ಅಲೆ ಮುರಿಯುವ ಜಾಗ ಬಹಳ ಸಣ್ಣದು. ಅಲ್ಲಿ ಏಕಕಾಲಕ್ಕೆ ಇಪ್ಪತ್ತು ಮೂವತ್ತು ಜನ ಕಾದಿರುತ್ತಾರೆ, ಒಂದು ಅಲೆಯಲ್ಲಿ ಒಬ್ಬನಿಗಷ್ಟೇ ಜಾಗ. ಅಲೆ ಎಲ್ಲಿ ಮೊದಲು ಮುರಿಯುವುದೋ ಆ ತುದಿಗೆ ಯಾರು ಹತ್ತಿರವಿರುವರೋ ಅಲೆ ಅವರದು, ಇನ್ನೊಬ್ಬ ನಡುವೆ ನುಗ್ಗುವಂತಿಲ್ಲ ಎಂಬುದು ಜಗತ್ತಿನ ಎಲ್ಲ ಕಡಲುಗಳಲ್ಲಿ ನಡೆಯುವ ಅಲಿಖಿತ ನಿಯಮ. ಕೃಷ್ಣೆಯ ಕಾಲುವೆಯ ಕೆಳಗೆ ಹೊಲ ಮಾಡುವವರು ನೀರಿನ ಪಾಳಿ ಎಂದು ಕರೆಯುವ ವ್ಯವಸ್ಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ಎಲ್ಲರದು, ಆದರೆ ಈ ಹೊತ್ತಿನ ನೀರು ಒಬ್ಬನದು, ಪಾಳಿ ತಪ್ಪಿಸಿ ಮಡೆ ತಿರುವಿದವನು ಆ ಮೇಲೆ ಎಷ್ಟು ಸವಿಮಾತಾಡಿದರೂ ಊರು ಅವನನ್ನು ನಂಬುವುದಿಲ್ಲ. ಪರಸ್ಥಳದಿಂದ ಬಂದವನ ಪಾಳಿ ಯಾವಾಗಲೂ ಕಡೆಯದು. ಹವಾಯಿ, ಬಾಲಿ, ಶ್ರೀಲಂಕಾ ಎಲ್ಲೇ ಆಗಲಿ, ಬಂದ ದಿನವೇ ನೆಟ್ಟಗೆ ನಡುಜಾಗಕ್ಕೆ ಹೋಗಿ ಕೂರುವ ಪ್ರವಾಸಿಗೆ ಸ್ಥಳೀಯರಿಂದ ಬೈಗುಳ ಸಿಗುತ್ತದೆ, ಕೆಲವೊಮ್ಮೆ ಹೊಡೆತವೂ ಸಿಗುತ್ತದೆ. ಬದಿಯಲ್ಲಿ ಕುಳಿತು, ಇತರರು ಬಿಟ್ಟ ಸಣ್ಣ ಅಲೆಗಳನ್ನು ಹಿಡಿದು, ಊರಿನ ಹುಡುಗರ ಮುಖ ಪರಿಚಯ ಮಾಡಿಕೊಂಡವನನ್ನು ಕೆಲವು ದಿನಗಳಲ್ಲಿ ಅವರೇ ಕೂಗಿ ಒಂದು ಅಲೆಯನ್ನು ಬಿಟ್ಟುಕೊಡುತ್ತಾರೆ. ಹೀಗೆ ಪಡೆದ ಅಲೆಗೆ ಕಸಿದುಕೊಂಡ ಹತ್ತು ಅಲೆಗಳು ಸಮವಾಗಲಾರವು.

ಸ್ಥಳೀಯರ ಈ ಬಿಗುವಿಗೆ ಚರಿತ್ರೆಯ ಕಾರಣವೂ ಇದೆ. ಅಲೆಸವಾರಿ ಹವಾಯಿ ಮತ್ತು ಪಾಲಿನೇಷ್ಯಾ ದ್ವೀಪಗಳ ಸ್ವಂತ ಸೊತ್ತು. ಅದನ್ನು ಹೊರದೇಶದಲ್ಲಿ ಮೊದಲು ತೋರಿಸಿದವರೂ ಆ ದ್ವೀಪದವರೇ. ಅಮೆರಿಕದಲ್ಲಿ ಓದುತ್ತಿದ್ದ ಹವಾಯಿಯ ಮೂವರು ರಾಜಕುಮಾರರು 1885ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿ ನದಿಯೊಂದು ಸಮುದ್ರ ಸೇರುವ ಅಳಿವೆಯ ಬಳಿ, ಅಲ್ಲಿಯ ಕೆಂಪು ಮರದಿಂದಲೇ ಹಲಗೆ ಮಾಡಿಸಿ ಅಲೆಯೇರಿದರು. ಈಜಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಡ್ಯೂಕ್ ಕಹನಮೊಕು 1914ರ ಕೊನೆಯಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ಅದನ್ನು ಆಡಿ ತೋರಿಸಿದ. ಆ ನಡುವೆ 1893ರಲ್ಲಿ ಹವಾಯಿಯ ರಾಣಿ ಪದಚ್ಯುತಳಾಗಿ, 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋಗಿದ್ದವು. ಆ ಮೇಲೆ ಅತಿಥಿಗಳ ಸಂಖ್ಯೆ ಆತಿಥೇಯರದಕ್ಕಿಂತ ಹೆಚ್ಚಾಯಿತು. ಬಾಲಿಯಲ್ಲಿಯೂ ಕಥೆ ಹೆಚ್ಚು ಬೇರೆಯಿಲ್ಲ: 1971ರಲ್ಲಿ ಚಲನಚಿತ್ರವೊಂದರ ಚಿತ್ರೀಕರಣಕ್ಕಾಗಿ ಉಲುವಾಟುವಿನ ಬಂಡೆಯಡಿಯ ಅಲೆಗಳನ್ನು ಪರದೇಶದ ಇಬ್ಬರು ಸವಾರರು ಏರಿದ ಮೇಲೆ, ದೇವಾಲಯವೊಂದರ ನೆರಳಿನಲ್ಲಿ ಸುಮ್ಮನಿದ್ದ ಆ ತೀರ ಹೋಟೆಲುಗಳ ಸಾಲಾಯಿತು. ದುಡಿಮೆ ಬಂತು, ಕಸವೂ ಬಂತು, ನೆಲದ ಬೆಲೆ ಊರವರ ಕೈಗೆಟುಕದಾಯಿತು. ಇದನ್ನೆಲ್ಲ ಕಂಡವರ ಮಕ್ಕಳು ನೀರಿನಲ್ಲಾದರೂ ತಮ್ಮ ಪಾಳಿ ಮೊದಲಿರಲಿ ಎಂದರೆ ಅದನ್ನು ಒರಟುತನವೆಂದು ತಳ್ಳಿಹಾಕುವುದು ಕಷ್ಟ.

ಕರ್ನಾಟಕದ ಮಟ್ಟಿಗೆ ಈ ಸಂಬಂಧ ತಿರುಗುಮುರುಗಾಗಿ ಶುರುವಾಯಿತೆಂಬುದು ಗಮನಿಸಬೇಕಾದ ವಿಷಯ. ಕನ್ನಡಿಗರು ಅಲೆ ಹುಡುಕಿಕೊಂಡು ಹೊರಗೆ ಹೋಗುವ ಮೊದಲೇ ಹೊರಗಿನವರು ಅಲೆ ಹುಡುಕಿಕೊಂಡು ಇಲ್ಲಿಗೆ ಬಂದರು. ಕೃಷ್ಣಭಕ್ತಿಯ ದೀಕ್ಷೆ ಪಡೆದು ಸರ್ಫಿಂಗ್ ಸ್ವಾಮಿ ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ 2004ರಲ್ಲಿ ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ನೆಲೆಸಿ, ಜಪ, ಸಸ್ಯಾಹಾರ, ಅಲೆಸವಾರಿ ಮೂರನ್ನೂ ಒಂದೇ ಆಶ್ರಮದ ದಿನಚರಿಗೆ ಸೇರಿಸಿದಾಗ ಊರಿಗೆ ಅದು ನಗೆಯ ವಿಷಯವಾಗಿದ್ದಿರಬೇಕು. ಅಲ್ಲಿಂದ ಬೆಳೆದ ಮಂತ್ರ ಸರ್ಫ್ ಕ್ಲಬ್ ಸುತ್ತಲಿನ ಹುಡುಗ ಹುಡುಗಿಯರಿಗೆ ಹಲಗೆ ಕೊಟ್ಟು ಕಲಿಸಿತು. ಭಾರತೀಯ ಸರ್ಫಿಂಗ್ ಒಕ್ಕೂಟ 2011ರಲ್ಲಿ ರೂಪುಗೊಂಡಿತು. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುವ ಸಸಿಹಿತ್ಲು ತೀರದಲ್ಲಿ 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಅಳಿವೆಯ ಬಾಯಲ್ಲಿ ನದಿ ತಂದು ಒಟ್ಟುವ ಮರಳಿನ ದಿಣ್ಣೆಯೇ ಅಲ್ಲಿಯ ಅಲೆಗೆ ಆಕಾರ ಕೊಡುತ್ತದೆ. ಆ ದಿಣ್ಣೆ ಈ ವರ್ಷ ಎಲ್ಲಿದೆಯೆಂದು ಎಲ್ಲರಿಗಿಂತ ಮೊದಲು ತಿಳಿಯುವುದು ದೋಣಿ ನಡೆಸುವ ಮೊಗವೀರರಿಗೆ.

ಆ ನೀರಿನಲ್ಲಿ ಪಳಗಿದವರು ಆ ಮೇಲೆ ಹೊರಗೆ ಹೋದರು. ಮೂಲ್ಕಿಯ ತನ್ವಿ ಜಗದೀಶ್ 2016ರಲ್ಲಿ ಫಿಜಿಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಸ್ಟ್ಯಾಂಡ್ ಅಪ್ ಪ್ಯಾಡಲ್ ವಿಭಾಗದಲ್ಲಿ ಭಾಗವಹಿಸಿದರು. ಅಗಲ ಹಲಗೆಯ ಮೇಲೆ ನಿಂತು ಉದ್ದನೆಯ ಹುಟ್ಟಿನಿಂದ ನೀರು ತಳ್ಳಿ ಸಾಗುವ ಪ್ರಕಾರವದು. ಇನ್ನು ಮೂಲ್ಕಿಯ ಬಳಗದ ಹೊರಗೆ, ಕರಕುಶಲ ವಸ್ತುಗಳನ್ನು ಮಾರಲು ಕರ್ನಾಟಕದಿಂದ ಕೇರಳದ ಕೋವಳಂ ತೀರಕ್ಕೆ ಹೋಗಿ ನೆಲೆಸಿದ ಕುಟುಂಬದಲ್ಲಿ ಬೆಳೆದ ರಮೇಶ್ ಬೂದಿಹಾಳ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು, ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯರೆನಿಸಿದರು. ಸರಕು ಮಾರಲು ಕಡಲತೀರ ಮುಟ್ಟಿದ ಕುಟುಂಬದ ಮುಂದಿನ ತಲೆಮಾರು ಆ ಕಡಲನ್ನೇ ಕಸುಬಾಗಿ ಮಾಡಿಕೊಂಡದ್ದು ಇಲ್ಲಿಯ ವಿಶೇಷ. ಆದರೆ ಇಂಥವರ ಪಾಲಿಗೆ ವಿದೇಶಯಾತ್ರೆಯೆಂದರೆ ರಜೆಯ ಮೋಜಲ್ಲ, ಕಲಿಕೆಯ ಅನಿವಾರ್ಯತೆ. ಪಶ್ಚಿಮ ಕರಾವಳಿಯ ಅಲೆಗಳು ಬಹುಪಾಲು ಮರಳಿನ ಮೇಲೆ ಮುರಿಯುವಂಥವು, ವರ್ಷದ ಕೆಲವು ತಿಂಗಳು ತೀರ ಸಣ್ಣವು, ಮಳೆಗಾಲದಲ್ಲಿ ಹತೋಟಿಗೆ ಬಾರದವು. ಹವಳದ ದಿಬ್ಬದ ಮೇಲಿನ ವೇಗದ ಅಲೆಯನ್ನು ಮಾಲ್ದೀವ್ಸ್ ಅಥವಾ ಇಂಡೊನೇಷ್ಯಾದಲ್ಲಿ ಕಾಣದೆ ಅಂತರರಾಷ್ಟ್ರೀಯ ಮಟ್ಟದಲ್ಲಿ ನಿಲ್ಲುವುದು ಕಷ್ಟ. ಮೀನುಗಾರನ ಮಗನಿಗೆ ಆ ಪ್ರಯಾಣದ ಖರ್ಚು ಒಂದು ಹಂಗಾಮಿನ ದುಡಿಮೆ. ಬೆಂಗಳೂರಿನ ಕಂಪನಿಯ ಉದ್ಯೋಗಿಗೆ ಅದೇ ಮೊತ್ತ ಒಂದು ತಿಂಗಳ ಸಂಬಳದ ಒಂದು ಭಾಗ. ಹೋಗಬೇಕಾದವನಿಗೆ ಹಣವಿಲ್ಲ, ಹಣವಿದ್ದವನಿಗೆ ಹೋಗಲೇಬೇಕೆಂಬ ಒತ್ತಾಯವಿಲ್ಲ. ಐಚಿ-ನಗೋಯಾದ 2026ರ ಏಷ್ಯನ್ ಕ್ರೀಡಾಕೂಟದ ಪಟ್ಟಿಗೆ ಅಲೆಸವಾರಿ ಸೇರಿರುವುದರಿಂದ ಈ ವ್ಯತ್ಯಾಸದ ಕಡೆ ಸರ್ಕಾರಗಳ ಗಮನ ಹರಿದೀತೆಂದು ಆಶಿಸಬಹುದು.

ಒಳನಾಡಿನಿಂದ ಹೋಗುವವನ ಸಮಸ್ಯೆ ಇದಕ್ಕಿಂತ ಬೇರೆ. ಕೃಷ್ಣೆಯ ದಂಡೆಯಲ್ಲಿ ಈಜು ಬಾರದ ಹುಡುಗರು ಕಡಿಮೆ. ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಹೊಳೆ ದಾಟುವ ರೂಢಿ ಈ ನದಿಯ ಉದ್ದಕ್ಕೂ ಇತ್ತು, 2013ರ ಪ್ರವಾಹದಲ್ಲಿ ಯಾದಗಿರಿ ಜಿಲ್ಲೆಯ ನಡುಗಡ್ಡೆಯೊಂದರ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆಂದು ಹೀಗೆಯೇ ದಡ ಸೇರಿದ್ದರು. ಹೊಳೆಯಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಒಯ್ಯುತ್ತದೆ, ದಡ ಎರಡೂ ಕಡೆ ಕಾಣುತ್ತದೆ. ಸಮುದ್ರದಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿನ ತಗ್ಗುಗಳನ್ನು ಹುಡುಕಿ ಕಿರಿದಾದ ಹಾದಿಯಲ್ಲಿ ರಭಸದಿಂದ ಹಿಂದಿರುಗುತ್ತದೆ, ರಿಪ್ ಕರೆಂಟ್ ಎಂಬ ಈ ಸೆಳೆತದ ಮೇಲೆ ಅಲೆ ಮುರಿಯದ ಕಾರಣ ಹೊಸಬನಿಗೆ ಅದೇ ಅತ್ಯಂತ ಶಾಂತವಾದ ಜಾಗವಾಗಿ ಕಾಣುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದ ದುರಂತವನ್ನು ನಾಡು ಮರೆತಿಲ್ಲ. ಸೆಳೆತಕ್ಕೆ ಸಿಕ್ಕವನು ದಡದತ್ತ ನೇರವಾಗಿ ಈಜಿ ದಣಿಯದ ಹಾಗೆ, ತೀರಕ್ಕೆ ಸಮಾನಾಂತರವಾಗಿ ಬದಿಗೆ ಸರಿದು ಹೊರಬರಬೇಕೆಂಬುದನ್ನು ಹೊಳೆಯ ಈಜುಗಾರ ಹೊಸದಾಗಿ ಕಲಿಯಬೇಕು. ಅಲೆಸವಾರಿಯ ಮೊದಲ ಪಾಠಕ್ಕೆ ವೆಲಿಗಾಮದಂಥ ಮರಳ ತಳದ ಕೊಲ್ಲಿ ಅನುಕೂಲವೆನ್ನುವುದು ನಿಜ. ಅಲ್ಲಿ ಮರಳಿನ ಮೇಲೆ ಹಲಗೆ ಮಲಗಿಸಿ, ಅದರ ಮೇಲೆ ಬೋರಲಾಗಿ, ಎದೆಯ ಪಕ್ಕ ಅಂಗೈಯೂರಿ ಒಂದೇ ಎತ್ತಿಗೆ ಎದ್ದು ನಿಲ್ಲುವ ಪಟ್ಟನ್ನು ಮೊದಲು ಬಾಯಿಪಾಠದಂತೆ ಮಾಡಿಸಿ, ಆ ಮೇಲೆ ಸೊಂಟದಾಳದ ನೊರೆಯಲ್ಲಿ ಬಿಡುತ್ತಾರೆ. ಆದರೆ ಇಷ್ಟನ್ನು ಕಲಿಯಲು ದೇಶ ಬಿಡಬೇಕಾಗಿಯೇ ಇಲ್ಲ, ಸುಮಾರು 320 ಕಿಲೋಮೀಟರಿನ ಕರಾವಳಿ ಮನೆಯಲ್ಲಿಯೇ ಇದೆ.

ಹೀಗೆ ತೂಗಿ ನೋಡಿದಾಗ ಪರದೇಶದ ಅಲೆಸವಾರಿಯ ಬಗ್ಗೆ ಒಂದು ತೀರ್ಮಾನಕ್ಕೆ ಬರಬಹುದು. ದೊಡ್ಡ ಅಲೆ, ಸ್ವಚ್ಛ ನೀರು, ಹೊಸ ಊಟ, ಹೊಸ ಭಾಷೆಗಳು ಅದರ ಸಂತೋಷಗಳಾದರೆ, ಮುರಿದ ಹಲಗೆ, ಕೀವುಗಟ್ಟಿದ ಪಾದ, ಅಲೆಯಿಲ್ಲದ ವಾರ, ಖಾಲಿಯಾದ ಖಾತೆಗಳು ಅದರ ಸಂಕಟಗಳು. ಇವೆರಡೂ ಹಿಂದಿರುಗಿದ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ. ಉಳಿಯುವುದು ಪರರ ನೀರಿನಲ್ಲಿ ಕಡೆಯ ಪಾಳಿಯವನಾಗಿ ಕಾದು ಕುಳಿತ ಅಭ್ಯಾಸ. ತನ್ನ ಊರಿನಲ್ಲಿ ಎಂದೂ ಕಾಯದವನು, ಹಣ ಕೊಟ್ಟರೆ ಎಲ್ಲವೂ ಮೊದಲು ತನಗೇ ಸಿಗುತ್ತದೆಯೆಂದು ನಂಬಿದವನು, ಭಾಷೆ ತಿಳಿಯದ ಹುಡುಗನೊಬ್ಬ ಗದರಿಸಿದಾಗ ಬದಿಗೆ ಸರಿದು ಕುಳಿತು ನೋಡುವುದನ್ನು ಕಲಿಯುವುದು ಸಣ್ಣ ವಿದ್ಯೆಯಲ್ಲ, ಮನೆಯಲ್ಲಿ ಕುಳಿತು ಕಲಿಯುವ ವಿದ್ಯೆಯೂ ಅಲ್ಲ. ಅದನ್ನು ನಿಜವಾಗಿ ಕಲಿತನೋ ಇಲ್ಲವೋ ಎಂಬುದು ವಿದೇಶದಲ್ಲಿ ತೆಗೆದ ಚಿತ್ರಗಳಿಂದ ಗೊತ್ತಾಗುವುದಿಲ್ಲ. ಮುಂದಿನ ಸೆಪ್ಟೆಂಬರಿನಲ್ಲಿ ಸಸಿಹಿತ್ಲುವಿನ ಅಳಿವೆಯ ಮುಂದೆ ಆತ ಒಳ್ಳೆಯ ಜಾಗ ಹಿಡಿದು ಕುಳಿತಿರುವಾಗ, ಉತ್ತರ ಕರ್ನಾಟಕದ ಯಾವುದೋ ಊರಿನಿಂದ ಬಂದ ಹೊಸಬನೊಬ್ಬ ಬಾಡಿಗೆಯ ಹಲಗೆಯ ಮೇಲೆ ಕೈಕಾಲು ಬಡಿಯುತ್ತ ತಪ್ಪು ಜಾಗಕ್ಕೆ ಬಂದು ಸಿಕ್ಕಿಕೊಂಡರೆ, ಅವನನ್ನು ಬೈಯುತ್ತಾನೆಯೋ, ಸೆಳೆತ ಎಲ್ಲಿದೆಯೆಂದು ತೋರಿಸಿ ಒಂದು ಅಲೆಯನ್ನು ಬಿಟ್ಟುಕೊಡುತ್ತಾನೆಯೋ ಎಂಬುದರ ಮೇಲೆ, ಆತ ಖರ್ಚು ಮಾಡಿದ ಹಣ ಲೆಕ್ಕಕ್ಕೆ ಬಂತೋ ನೀರಿಗೆ ಹೋಯಿತೋ ಎಂದು ಹೇಳಬಹುದು.